ನೇಪಾಳಕ್ಕೆ ಹೊರಟೀರಾ? ಮೊದಲು ‘ವಸ್ತಿ ಎಲ್ಲಿ?’ ಅಂತ ಕೇಳಿ

ನಮ್ಮ ಕಡೆ ‘ವಸ್ತಿ ಬಸ್’ ಅಂದರೆ ಸಣ್ಣ ಹುಡುಗರಿಗೂ ಗೊತ್ತು. ರಾತ್ರಿ ಊರಿಗೆ ಬಂದು, ಡ್ರೈವರ್ ಕಂಡಕ್ಟರ್ ಇಲ್ಲೇ ಮಲಗಿ, ನಸುಕಿನಲ್ಲಿ ಎದ್ದು ಮತ್ತೆ ಸಿಂಧನೂರಿಗೋ ಲಿಂಗಸುಗೂರಿಗೋ ಹೊರಡುವ ಬಸ್ಸು. ಆ ಬಸ್ಸು ಯಾವ ಊರಿನಲ್ಲಿ ವಸ್ತಿ ಮಾಡಬೇಕು ಎಂಬುದು ಡಿಪೋದಲ್ಲಿ ಮೊದಲೇ ಗೊತ್ತಿರುತ್ತದೆ. ಆದರೆ ನಮ್ಮ ಅಪ್ಪ ಅವ್ವನನ್ನು ಹದಿನೈದು ದಿನದ ಕಾಶಿ–ನೇಪಾಳ ಯಾತ್ರೆಗೆ ಕಳಿಸುವಾಗ ಅವರ ವಸ್ತಿ ಎಲ್ಲಿ ಎಂದು ಎಷ್ಟು ಜನ ಕೇಳುತ್ತೇವೆ?

ಭತ್ತ ಕೊಯ್ದು ಕೈಗೆ ನಾಲ್ಕು ಕಾಸು ಬಂದ ಮೇಲೆ, ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಯಾತ್ರೆಯ ಮಾತು ಶುರುವಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಬರುತ್ತದೆ. ಮೇಲೆ ಪಶುಪತಿನಾಥ, ಕೆಳಗೆ ಮುಕ್ತಿನಾಥ, ನಡುವೆ ಒಂದು ಬಸ್ಸು. ಫೋನ್ ಮಾಡಿದರೆ ಆ ಕಡೆಯಿಂದ ಒಂದೇ ಉತ್ತರ: “ಊಟ, ವಸ್ತಿ ಎಲ್ಲಾ ನಮ್ದೇರಿ. ನೀವು ಬರೇ ಬಟ್ಟಿ ಗಂಟು ತರ್ರಿ.”

ಆ ‘ವಸ್ತಿ’ ಎಂಬ ಮಾತಿನೊಳಗೆ ಏನು ಬೇಕಾದರೂ ಇರಬಹುದು. ಲಾಡ್ಜಿನ ಕೋಣೆ ಇರಬಹುದು. ನಲವತ್ತು ಜನಕ್ಕೆ ಒಂದೇ ಹಾಲ್, ಒಂದೇ ಶೌಚಾಲಯ ಇರಬಹುದು. ಪೆಟ್ರೋಲ್ ಬಂಕಿನ ಮುಂದೆ ನಿಂತ ಬಸ್ಸಿನ ಸೀಟೇ ವಸ್ತಿಯಾಗಿರಬಹುದು. ಕೇಳದೆ ದುಡ್ಡು ಕಟ್ಟಿದವರಿಗೆ ಇದು ಗೊತ್ತಾಗುವುದು ಕತ್ತಲಾದ ಮೇಲೆ, ಪರದೇಶದಲ್ಲಿ.

ಕಡಿಮೆ ದುಡ್ಡಿನಲ್ಲಿ ಪರದೇಶ ನೋಡುವುದು ತಪ್ಪಲ್ಲ, ನಾಚಿಕೆಯೂ ಅಲ್ಲ. ಅಂಥ ಪ್ರವಾಸದಲ್ಲಿ ಆಗುವ ಫಜೀತಿಗಳಿಗೆ ನಮ್ಮ ಬಡತನವೇ ಕಾರಣ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಹಳಷ್ಟು ಫಜೀತಿ ಹುಟ್ಟುವುದು ರಾತ್ರಿಯ ಲೆಕ್ಕ ಹಾಕದೆ ಹಗಲಿನ ಲೆಕ್ಕ ಮಾತ್ರ ಹಾಕುವುದರಿಂದ.

ನೇಪಾಳ ನಮಗೆ ಅಷ್ಟು ದೂರದ್ದಲ್ಲ

ನಮ್ಮಂಥವರ ಕೈಗೆಟಕುವ ಪರದೇಶ ಎಂದರೆ ನೇಪಾಳ. 1950ರ ಜುಲೈ 31ರಂದು ಎರಡೂ ದೇಶಗಳು ಮಾಡಿಕೊಂಡ ಒಪ್ಪಂದದ ಹಿನ್ನೆಲೆಯಿಂದ ಭಾರತೀಯರಿಗೆ ಅಲ್ಲಿ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ನಡೆಯುತ್ತದೆ. ರೈಲಿನಲ್ಲಿ ಗೋರಖ್‌ಪುರಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಸೊನೌಲಿ ಮುಟ್ಟಿದರೆ ಗಡಿಯನ್ನು ನಡೆದೇ ದಾಟಬಹುದು.

ನಂಟೂ ಹಳೆಯದು. 1097ರ ಹೊತ್ತಿಗೆ ನಾನ್ಯದೇವ ಎಂಬ ಕರ್ನಾಟ ಮೂಲದ ಅರಸ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಆ ವಂಶಕ್ಕೆ ‘ಕರ್ನಾಟ’ ಎಂದೇ ಹೆಸರು. ಅವರ ರಾಜಧಾನಿ ಸಿಮ್ರೌನ್‌ಗಢ ಇವತ್ತಿನ ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಕಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ತಲೆಮಾರುಗಳಿಂದ ದಕ್ಷಿಣದವರು. ಈಚಿನ ದಶಕಗಳಲ್ಲಿ ಕರ್ನಾಟಕದ ಕರಾವಳಿಯಿಂದ ಹೋದವರೂ ಅವರಲ್ಲಿದ್ದಾರೆ.

ಇನ್ನು ಮಸ್ಕಿಯ ಮಾತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿನ ಗುಡ್ಡದಲ್ಲಿ ಶಾಸನ ಕಂಡಮೇಲೆ, ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಜಗತ್ತಿಗೆ ಖಚಿತವಾಯಿತು. ಏಕೆಂದರೆ ಆ ಕಲ್ಲಿನ ಮೇಲೆ ಅವನ ಹೆಸರೇ ಇದೆ. ಅದೇ ಅಶೋಕ ಪಟ್ಟವೇರಿದ ಇಪ್ಪತ್ತು ವರ್ಷಕ್ಕೆ ಬುದ್ಧ ಹುಟ್ಟಿದ ಲುಂಬಿನಿಗೆ ಸ್ವತಃ ಹೋಗಿ ಒಂದು ಕಂಬ ನಿಲ್ಲಿಸಿದ. ಆ ಊರಿನ ಬೆಳೆಯ ಕಂದಾಯವನ್ನು ಎಂಟನೇ ಒಂದು ಪಾಲಿಗೆ ಇಳಿಸಿದ್ದನ್ನೂ ಅದರಲ್ಲಿ ಕೆತ್ತಿಸಿದ. ಲುಂಬಿನಿ ಇರುವುದು ನೇಪಾಳದಲ್ಲಿ, ಸೊನೌಲಿ ಗಡಿಯಿಂದ ಹತ್ತಿರದಲ್ಲೇ. ಮಸ್ಕಿಯವರು ಲುಂಬಿನಿಗೆ ಹೋಗಿ ನಿಂತರೆ ತಮ್ಮೂರಿನ ಗುಡ್ಡದ ಇನ್ನೊಂದು ತುದಿಯನ್ನೇ ನೋಡಿದಂತೆ. ಆದರೆ ಹೆಚ್ಚಿನ ಯಾತ್ರೆ ಬಸ್ಸುಗಳು ಲುಂಬಿನಿಯಲ್ಲಿ ನಿಲ್ಲುವುದು ಒಂದೆರಡು ತಾಸು, ಅಷ್ಟೆ.

ನೆಲದ ಮೇಲೆ ಮಲಗುವುದು ನಮಗೆ ಹೊಸದಲ್ಲ

ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರನ್ನು ನೋಡಿ. ತಂಪು ಹೊತ್ತಿನಲ್ಲಿ ನಡಿಗೆ, ಬಿಸಿಲೇರಿದರೆ ಮರದ ನೆರಳು. ರಾತ್ರಿ ಶಾಲೆಯ ಪಡಸಾಲೆ, ಗುಡಿಯ ಕಟ್ಟೆ, ಯಾರದೋ ಹೊಲದ ಕಣ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ದಾರಿಯುದ್ದಕ್ಕೂ ದಾಸೋಹ. ಗುಂಪಿಗೆ ಒಬ್ಬ ಹಿರಿಯ ಇರುತ್ತಾನೆ. ಯಾರ ಕಾಲು ಬೊಕ್ಕೆ ಎದ್ದಿದೆ, ಯಾರು ಹಿಂದೆ ಉಳಿದರು ಎಂದು ಅವನು ನೋಡುತ್ತಾನೆ. ಮುಂದಿನ ವಸ್ತಿ ಎಲ್ಲಿ ಎಂಬುದು ಗುಂಪಿನ ಪ್ರತಿಯೊಬ್ಬರಿಗೂ ಗೊತ್ತಿರುತ್ತದೆ.

ಕಡಿಮೆ ಖರ್ಚಿನ ಪ್ರಯಾಣದ ಪಾಠ ಇದಕ್ಕಿಂತ ಬೇರೆ ಏನಿದೆ? ಪಟ್ಟಣದ ಹುಡುಗರು ಈಗ ಬೆನ್ನಿಗೆ ಚೀಲ ಹಾಕಿಕೊಂಡು ಕಲಿಯುತ್ತಿರುವುದನ್ನು ನಮ್ಮ ಅಜ್ಜಂದಿರು ಬರಿಗಾಲಿನಲ್ಲಿ ಕಲಿತಿದ್ದರು.

ಕಾಶಿಯಲ್ಲಿ ಜಂಗಮವಾಡಿ ಮಠವಿದೆ. ನಮ್ಮ ಭಾಗದ ಎಷ್ಟೋ ಜನ ಅಲ್ಲೇ ಇಳಿದುಕೊಳ್ಳುತ್ತಾರೆ, ಕನ್ನಡದ ದನಿಯೂ ಕೇಳುತ್ತದೆ. ಕಠ್ಮಂಡುವಿನಲ್ಲಿ ಪಶುಪತಿನಾಥ ಗುಡಿಯ ಹತ್ತಿರ ಗೌಶಾಲಾ ಎಂಬಲ್ಲಿ ಧರ್ಮಶಾಲೆ ಇದೆ. ಲುಂಬಿನಿಯಲ್ಲಿ ಬೇರೆ ಬೇರೆ ದೇಶಗಳ ಬೌದ್ಧರು ಕಟ್ಟಿದ ವಿಹಾರಗಳಿವೆ. ಅವುಗಳಲ್ಲಿ ಕೊರಿಯಾದವರ ವಿಹಾರ ಯಾತ್ರಿಕರಿಗೆ ಮಲಗಲು ಜಾಗ, ಹೊತ್ತು ಹೊತ್ತಿಗೆ ಊಟ ಕೊಡುವುದಕ್ಕೆ ಹೆಸರಾಗಿದೆ. ತಕ್ಕಮಟ್ಟಿನ ಕಾಣಿಕೆ ಕೊಟ್ಟರೆ ಸಾಕು. ಕೋಣೆ ಹಂಚಿಕೊಳ್ಳಬೇಕು, ಉಂಡ ತಟ್ಟೆ ತಾವೇ ತೊಳೆಯಬೇಕು. ಮಠದ ದಾಸೋಹದಲ್ಲಿ ಉಂಡು ಬೆಳೆದವರಿಗೆ ಇದೇನು ಕಷ್ಟ?

ಕಠ್ಮಂಡು ಎಂಬ ಹೆಸರು ಬಂದದ್ದೂ ಒಂದು ಛತ್ರದಿಂದಲೇ. ‘ಕಾಷ್ಠಮಂಡಪ’ ಎಂದರೆ ಕಟ್ಟಿಗೆಯ ಮಂಟಪ. ವ್ಯಾಪಾರಿಗಳು, ಸಾಧುಗಳು, ದಾರಿಹೋಕರು ರಾತ್ರಿ ತಂಗಲು ಇದ್ದ ಕಟ್ಟಡ ಅದು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕುಸಿದುಬಿತ್ತು, ಆ ಮೇಲೆ ಹಳೆಯ ಮಾದರಿಯಲ್ಲೇ ಮತ್ತೆ ಕಟ್ಟಿದರು. ಅಶೋಕನೂ ದಾರಿಯುದ್ದಕ್ಕೂ ಆಲದ ಮರ ನೆಡಿಸಿ, ಬಾವಿ ತೋಡಿಸಿ, ತಂಗುಮನೆ ಕಟ್ಟಿಸಿದ್ದನ್ನು ಈಗ ದೆಹಲಿಯಲ್ಲಿರುವ ಒಂದು ಕಂಬದ ಮೇಲೆ ಹೇಳಿಕೊಂಡಿದ್ದಾನೆ. ದಾರಿಹೋಕನಿಗೆ ರಾತ್ರಿ ಜಾಗ ಕೊಡುವುದನ್ನು ದೊಡ್ಡ ಧರ್ಮ ಎಂದುಕೊಂಡ ನಾಡು ಇದು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ನೆಲೆ ಸಿಕ್ಕಿದ್ದೂ ಇದೇ ಮಣ್ಣಿನಲ್ಲಿ.

ಹಾಗಾಗಿ ಧರ್ಮಶಾಲೆಯಲ್ಲಿ ಮಲಗಿದೆವು ಎಂದು ಹೇಳಿಕೊಳ್ಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಆದರೆ ಧರ್ಮಶಾಲೆ ಎಂದು ಗೊತ್ತಿದ್ದು ಹೋಗಿ ಮಲಗುವುದು ಬೇರೆ, ಲಾಡ್ಜು ಎಂದು ನಂಬಿಸಿ ಧರ್ಮಶಾಲೆಯ ವರಾಂಡದಲ್ಲಿ ಇಳಿಸುವುದು ಬೇರೆ. ಮೊದಲನೆಯದು ಯಾತ್ರೆ, ಎರಡನೆಯದು ಮೋಸ.

ಕೆಲಸ ಕೆಡುವುದು ಎಲ್ಲಿ?

ಮೊದಲನೆಯದು ಗುರುತಿನ ಚೀಟಿ. ನಮ್ಮಲ್ಲಿ ರೇಷನ್ನಿಗೂ ಆಧಾರ್, ಸಿಮ್ಮಿಗೂ ಆಧಾರ್. ನೇಪಾಳಕ್ಕೂ ಅದೇ ಸಾಕು ಎಂದು ಎಷ್ಟೋ ಜನ ತಿಳಿದಿದ್ದಾರೆ. 15 ವರ್ಷದೊಳಗಿನ ಮಕ್ಕಳಿಗೆ, 65 ದಾಟಿದ ಹಿರಿಯರಿಗೆ ಆಧಾರ್ ನಡೆಯುತ್ತದೆ. ನಡುವಿನ ವಯಸ್ಸಿನವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿಯೇ ಬೇಕು. ಗಡಿ ದಾಟುವಾಗ ಯಾರೂ ಕೇಳದೆ ಬಿಟ್ಟರೂ ವಿಮಾನ ಹತ್ತುವಾಗ ಬಿಡುವುದಿಲ್ಲ. ಗಂಡನ ಜೇಬಿನಲ್ಲಿ ಮತದಾರರ ಚೀಟಿ, ಹೆಂಡತಿಯ ಚೀಲದಲ್ಲಿ ಬರೀ ಆಧಾರ್ ಇದ್ದರೆ ಫಜೀತಿ ಅಲ್ಲಿಂದಲೇ ಶುರು.

ಎರಡನೆಯದು ದುಡ್ಡು. ನಮ್ಮ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಅಲ್ಲಿನವರು ನಮ್ಮ ದುಡ್ಡಿಗೆ ‘ಐಸಿ’, ತಮ್ಮ ದುಡ್ಡಿಗೆ ‘ಎನ್‌ಸಿ’ ಅನ್ನುತ್ತಾರೆ. ರಾತ್ರಿ ದಣಿದು ಹೋಗಿ ‘ಕೋಣೆ 800’ ಎಂದಾಗ ಐಸಿಯೋ ಎನ್‌ಸಿಯೋ ಎಂದು ಕೇಳದಿದ್ದರೆ, 500ರಲ್ಲಿ ಮುಗಿಯುವುದಕ್ಕೆ 800 ಕೊಟ್ಟು ಬರುತ್ತೀರಿ. ನಮ್ಮ ದೊಡ್ಡ ನೋಟುಗಳನ್ನು ಅಲ್ಲಿ ವರ್ಷಗಟ್ಟಲೆ ಒಯ್ಯುವಂತಿರಲಿಲ್ಲ. ಈ ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸಿ, 100ರ ನೋಟುಗಳನ್ನೇ ಹೆಚ್ಚು ಇಟ್ಟುಕೊಳ್ಳುವುದು ಜಾಣತನ.

ಮೂರನೆಯದು ಫೋನು. 2024ರ ಮಾರ್ಚ್‌ನಿಂದ ನೇಪಾಳದ ಅಂಗಡಿಗಳ ಕ್ಯೂಆರ್‌ಗೆ ನಮ್ಮ ಯುಪಿಐನಿಂದ ದುಡ್ಡು ಹಾಕುವ ವ್ಯವಸ್ಥೆ ಬಂದಿದೆ. ಅಲ್ಲಿನ ಕಂಪನಿಯ ಹೆಸರೂ ‘ಫೋನ್‌ಪೇ’, ಆದರೆ ನಮ್ಮ ಫೋನ್‌ಪೇ ಬೇರೆ, ಅದು ಬೇರೆ. ಇಂಟರ್ನೆಟ್ ಇಲ್ಲದಿದ್ದರೆ ಎರಡೂ ಅಷ್ಟೇ. ಗಡಿ ದಾಟುತ್ತಿದ್ದಂತೆ ನಮ್ಮ ಸಿಮ್ ಸುಮ್ಮನಾಗುತ್ತದೆ. ರೋಮಿಂಗ್ ಹಾಕಿಸಬೇಕು, ಇಲ್ಲವೇ ಅಲ್ಲಿನ ಸಿಮ್ ಕೊಳ್ಳಬೇಕು. ಫೋನಿನಲ್ಲಿರುವ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಅವ್ವನ ಎಲೆ ಅಡಿಕೆ ಚೀಲದಲ್ಲಿ ಇಡಿ. ಗುಂಪು ತಪ್ಪಿದಾಗ ಆ ಹಾಳೆಯೇ ಆಧಾರ.

ಇನ್ನೊಂದು ಸಣ್ಣ ಸಂಗತಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ನಮ್ಮ ಕೈಗಡಿಯಾರದಲ್ಲಿ ಆರು ಆದಾಗ ಅಲ್ಲಿ ಆರೂಕಾಲು. ಬಸ್ಸು ತಪ್ಪಿಸಲು ಅಷ್ಟು ಸಾಕು.

ಇವೆಲ್ಲ ದುಡ್ಡು, ಹೊತ್ತು ಹಾಳುಮಾಡುವ ಫಜೀತಿಗಳು. ಜೀವಕ್ಕೆ ಬರುವವು ಬೇರೆ ಇವೆ.

ಒಂದು, ರಾತ್ರಿಯ ರಸ್ತೆ. ವಸ್ತಿಯ ಖರ್ಚು ಉಳಿಸಲು ರಾತ್ರಿಯೇ ಬಸ್ಸು ಓಡಿಸುವ ಚಾಳಿ ಕೆಲವು ಯಾತ್ರೆಯವರಿಗೆ ಇದೆ. ಜನ ಬಸ್ಸಿನಲ್ಲೇ ಮಲಗುತ್ತಾರೆ, ಕೋಣೆ ಬಾಡಿಗೆ ಉಳಿಯುತ್ತದೆ. ನಮ್ಮ ಗಾಡಿ ನೇಪಾಳಕ್ಕೆ ಹೋಗಬೇಕಾದರೆ ಗಡಿಯಲ್ಲಿ ‘ಭನ್ಸಾರ್’ ಎಂಬ ಸುಂಕ ಕಟ್ಟಬೇಕು. ಅದು ದಿನದ ಲೆಕ್ಕದ್ದು. ದಿನ ಕಡಿಮೆ ಮಾಡಿದಷ್ಟೂ ಸುಂಕ ಕಡಿಮೆ, ರಾತ್ರಿ ಓಡಾಟ ಜಾಸ್ತಿ. ಅಲ್ಲಿನ ಬೆಟ್ಟದ ರಸ್ತೆ ಹೇಗಿರುತ್ತದೆ? 2024ರ ಜುಲೈ 12ರ ನಸುಕಿನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ದಾರಿಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಬಿದ್ದವು. ಅವುಗಳಲ್ಲಿ 60ಕ್ಕೂ ಹೆಚ್ಚು ಜನರಿದ್ದರು. ಅದೇ ವರ್ಷ ಆಗಸ್ಟ್ 23ರಂದು, ಹಾಡಹಗಲೇ, ಮಹಾರಾಷ್ಟ್ರದ ಜಳಗಾಂವ್ ಕಡೆಯ ಯಾತ್ರಿಕರಿದ್ದ ಬಸ್ಸು ಮರ್ಸ್ಯಾಂಗ್ದಿ ನದಿಯ ಕಡೆ ಉರುಳಿ 27 ಜನ ತೀರಿಕೊಂಡರು. ಹಗಲೇ ಇಷ್ಟು ಅಪಾಯವಿರುವ ದಾರಿಯಲ್ಲಿ ರಾತ್ರಿ ಹೋಗಬೇಕೆ? ಅದೂ ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ?

ಎರಡು, ಎತ್ತರ. ನಮ್ಮ ಸಿಂಧನೂರು, ಮಸ್ಕಿ ಇರುವುದು ಸಮುದ್ರ ಮಟ್ಟದಿಂದ 400 ಮೀಟರ್ ಆಸುಪಾಸು. ಮುಕ್ತಿನಾಥ 3,700 ಮೀಟರ್‌ಗಿಂತಲೂ ಮೇಲೆ. ಅಲ್ಲಿ ಗಾಳಿಯೇ ತೆಳುವು. ತಲೆ ಸಿಡಿಯುವುದು, ವಾಂತಿ, ಮೇಲುಸಿರು ಬರಬಹುದು. ಬಿ.ಪಿ., ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೋಗಬಾರದು. ಸುಮಾರು 800 ಮೀಟರ್ ಎತ್ತರದ ಪೋಖರಾದಿಂದ ಒಂದೇ ಓಟಕ್ಕೆ ಮೇಲೆ ಒಯ್ಯದೆ, ನಡುವೆ ಒಂದು ರಾತ್ರಿ ವಸ್ತಿ ಮಾಡಿಸಬೇಕು. ವಿಮಾನದಲ್ಲಿ ಹೋಗುವವರೂ ಒಂದು ಮಾತು ತಿಳಿದಿರಲಿ. ಜೋಮ್‌ಸೋಮ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಗುತ್ತದೆ, ಆದ್ದರಿಂದ ವಿಮಾನ ಹಾರುವುದು ಬೆಳಗ್ಗೆ ಮಾತ್ರ. ಬೆಳಗಿನ ವಿಮಾನ ರದ್ದಾದರೆ ಅಲ್ಲೇ ಇನ್ನೊಂದು ರಾತ್ರಿ. ಆ ರಾತ್ರಿಗೆ ದುಡ್ಡು, ಗುಳಿಗೆ, ಸ್ವೆಟರ್ ಮೊದಲೇ ಇರಬೇಕು.

ಮೂರು, ಚಳಿ. 2020ರ ಜನವರಿಯಲ್ಲಿ ಕೇರಳದಿಂದ ಹೋಗಿದ್ದ 15 ಜನರ ಗುಂಪು ನೇಪಾಳದ ದಾಮನ್ ಎಂಬಲ್ಲಿ ರಾತ್ರಿ ಉಳಿಯಿತು. ಅವರಲ್ಲಿ ಎಂಟು ಜನ ಒಂದೇ ಕೋಣೆಯಲ್ಲಿ, ಕಿಟಕಿ ಬಾಗಿಲು ಹಾಕಿ, ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದರು. ಎಂಟೂ ಜನ ಬದುಕಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ನಮ್ಮದು ಬಿಸಿಲ ನಾಡು, ಮುಚ್ಚಿದ ಕೋಣೆಯಲ್ಲಿ ಬೆಂಕಿ ಇಟ್ಟುಕೊಂಡು ಮಲಗಿ ರೂಢಿಯಿಲ್ಲ. ಗ್ಯಾಸ್ ಹೀಟರ್ ಆಗಲಿ, ಇದ್ದಿಲ ಅಗ್ಗಿಷ್ಟಿಕೆ ಆಗಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಹಚ್ಚಿ ಮಲಗಲೇಬಾರದು. ಅದರ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಇನ್ನೆರಡು ಕಂಬಳಿ ಕೇಳಿ, ಕೊಡದಿದ್ದರೆ ಕೊಂಡುಕೊಳ್ಳಿ.

ನಾಲ್ಕು, ದೇಶವೇ ಬಂದ್ ಆಗುವುದು. 2025ರ ಸೆಪ್ಟೆಂಬರ್ 8 ಮತ್ತು 9ರಂದು ಕಠ್ಮಂಡುವಿನಲ್ಲಿ ಯುವಕರ ಪ್ರತಿಭಟನೆ ಭುಗಿಲೆದ್ದು ವಿಮಾನ ನಿಲ್ದಾಣವೂ ಮುಚ್ಚಿತು. ಕರ್ನಾಟಕದಿಂದ ಹೋಗಿದ್ದವರೂ ಸಿಕ್ಕಿಹಾಕಿಕೊಂಡರು. 2015ರ ಭೂಕಂಪದಲ್ಲಂತೂ ಊರಿಗೆ ಊರೇ ಬಯಲಿನಲ್ಲಿ ಮಲಗಿತ್ತು. ಇಂಥದ್ದನ್ನು ಯಾರೂ ತಪ್ಪಿಸಲಾರರು. ಆದರೆ ಗುಂಪಿನ ಪ್ರತಿಯೊಬ್ಬರ ಹೆಸರು, ಊರು, ಮನೆಯವರ ಫೋನ್ ಬರೆದ ಪಟ್ಟಿ ಊರಿನಲ್ಲಿ ಒಬ್ಬರ ಹತ್ತಿರ ಇದ್ದರೆ, ತಹಶೀಲ್ದಾರ್ ಕಚೇರಿಗೋ ಭಾರತದ ರಾಯಭಾರ ಕಚೇರಿಗೋ ತಿಳಿಸುವುದು ಹತ್ತು ನಿಮಿಷದ ಕೆಲಸ. ಪಟ್ಟಿ ಇಲ್ಲದಿದ್ದರೆ ಎರಡು ದಿನ ಅಳುವುದೇ ಕೆಲಸ.

‘ಬಡವರಿಗ್ಯಾಕ ಪರದೇಶ?’

ಇಷ್ಟೆಲ್ಲ ಓದಿ ಕೆಲವರು, “ಅದಕ್ಕs ಹೇಳೋದು, ದುಡ್ಡಿದ್ದವರು ಹೋಗ್ಲಿ, ನಮಗ್ಯಾಕ ಪರದೇಶ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು” ಅನ್ನಬಹುದು.

ಸ್ವಲ್ಪ ಯೋಚಿಸಿ. ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿ, ತಾಂಡಾಗಳಿಂದ ಜನ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಕಟ್ಟುತ್ತಿರುವ ಬಿಲ್ಡಿಂಗಿನ ಮರಳಿನ ಮೇಲೆ, ತಗಡಿನ ಶೆಡ್ಡಿನಲ್ಲಿ ಕೂಸು ಕಟ್ಟಿಕೊಂಡು ಮಲಗುತ್ತಾರೆ. ಆಗ ಯಾರೂ ‘ನಿಮಗ್ಯಾಕ ಬೆಂಗಳೂರು’ ಎಂದು ಕೇಳುವುದಿಲ್ಲ. ಪಟ್ಟಣದ ಹುಡುಗನೊಬ್ಬ ಪರದೇಶದ ರೈಲು ನಿಲ್ದಾಣದಲ್ಲಿ ಮಲಗಿ ವಿಡಿಯೊ ಹಾಕಿದರೆ ಅದು ಸಾಹಸ. ನಮ್ಮವರು ಮೆಜೆಸ್ಟಿಕ್‌ನಲ್ಲಿ ಗಂಟು ತಲೆಗಿಟ್ಟು ಮಲಗಿದರೆ ಪೊಲೀಸರು ಎಬ್ಬಿಸುತ್ತಾರೆ. ದುಡಿಯಲು ದೂರ ಹೋಗಬಹುದಾದರೆ ನೋಡಲೂ ಹೋಗಬಹುದು. ಜೀವಮಾನವಿಡೀ ಹತ್ತಿ ಬಿಡಿಸಿದ, ಸಸಿ ಹಚ್ಚಿದ ಕೈಗಳಿಗೆ ಒಮ್ಮೆ ಹಿಮದ ಬೆಟ್ಟ ತೋರಿಸಲು ಬಾಗಿದ ಬೆನ್ನು ತಪ್ಪು ಮಾಡಿಲ್ಲ.

‘ಐದು ಸಾವಿರಕ್ಕೆ ನೇಪಾಳ’ ಎಂಬ ವಿಡಿಯೊ ಮಾಡುವವರಿಗೂ ಒಂದು ಮಾತಿದೆ. ಗುಡಿ, ಬೆಟ್ಟ, ಮೊಮೊ ಎಲ್ಲ ತೋರಿಸುತ್ತೀರಿ. ರಾತ್ರಿ ಮಲಗಿದ ಜಾಗವನ್ನೂ, ಅಲ್ಲಿನ ಶೌಚಾಲಯವನ್ನೂ ತೋರಿಸಿ. ನೋಡುವವರಲ್ಲಿ ಮಂಡಿ ನೋವಿನ ಅವ್ವಂದಿರಿದ್ದಾರೆ.

ದುಡ್ಡು ಕಟ್ಟುವ ಮುನ್ನ

ಯಾತ್ರೆ ಮಾಡಿಸುವವರಲ್ಲಿ ಒಳ್ಳೆಯವರೂ ಇದ್ದಾರೆ. ಮುದುಕರ ಕೈ ಹಿಡಿದು ಮೆಟ್ಟಿಲು ಹತ್ತಿಸುವವರು, ಜ್ವರ ಬಂದವರಿಗೆ ಗಂಜಿ ಕಾಸಿ ಕೊಡುವವರು ಇದ್ದಾರೆ. ಅವರಿಗೆ ಈ ಪ್ರಶ್ನೆಗಳು ಕಷ್ಟವಾಗುವುದಿಲ್ಲ. ಕೇಳಿ:

ಒಂದೊಂದು ರಾತ್ರಿ ಯಾವ ಊರಿನಲ್ಲಿ ವಸ್ತಿ? ಲಾಡ್ಜೋ, ಧರ್ಮಶಾಲೆಯೋ, ಬಸ್ಸೋ?

ಒಂದು ಕೋಣೆಗೆ ಎಷ್ಟು ಜನ? ಹೆಣ್ಣುಮಕ್ಕಳಿಗೆ ಬೇರೆ ಜಾಗ, ಒಳಗೆ ಚಿಲಕ ಇರುವ ಬಾಗಿಲು, ಶೌಚಾಲಯ ಇದೆಯೇ?

ನೇಪಾಳದ ಬೆಟ್ಟದ ದಾರಿಯಲ್ಲಿ ರಾತ್ರಿ ಬಸ್ಸು ಓಡಿಸುತ್ತೀರಾ? ಡ್ರೈವರ್ ಎಷ್ಟು ಜನ?

ಎಷ್ಟು ದಿನಕ್ಕೆ ಭನ್ಸಾರ್ ಕಟ್ಟುತ್ತೀರಿ? ಗುಡ್ಡ ಕುಸಿದು ಒಂದು ದಿನ ತಡವಾದರೆ ಆ ರಾತ್ರಿಯ ಖರ್ಚು ಯಾರದು?

ಯಾರಾದರೂ ಕಾಯಿಲೆ ಬಿದ್ದರೆ ಅವರ ಜೊತೆ ಯಾರು ಉಳಿಯುತ್ತಾರೆ?

ಉತ್ತರವನ್ನು ಹಾಳೆಯ ಮೇಲೆ ಬರೆಸಿ, ಸಹಿ ಹಾಕಿಸಿಕೊಳ್ಳಿ. “ನಂಬಿಕಿ ಇಲ್ಲೇನ್ರಿ ನಮ್ಮ ಮ್ಯಾಲ?” ಎಂದು ಕೇಳಿದರೆ, “ನಂಬಿಕಿ ಐತ್ರಿ, ಅದಕ್ಕs ಬರದುಕೊಡ್ರಿ” ಅನ್ನಿ. ಅಡತಿ ಅಂಗಡಿಯಲ್ಲಿ ಭತ್ತ ಮಾರುವಾಗ ತೂಕದ ಚೀಟಿ ಇಸಿದುಕೊಳ್ಳುವುದಿಲ್ಲವೇ? ಇದೂ ಹಾಗೆಯೇ.

ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಗಳಿಗೂ ಇಲ್ಲೊಂದು ಸಣ್ಣ ಕೆಲಸವಿದೆ. ಊರಿನಿಂದ ಯಾತ್ರೆಗೆ ಹೊರಟವರ ಹೆಸರಿನ ಪಟ್ಟಿ, ಪ್ರತಿ ರಾತ್ರಿಯ ವಸ್ತಿ ಊರು, ಬಸ್ಸಿನ ನಂಬರು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಬಂದವರಿಂದ ಯಾವ ಧರ್ಮಶಾಲೆ ಚೆನ್ನಾಗಿತ್ತು, ಎಲ್ಲಿ ನೀರಿರಲಿಲ್ಲ, ಎಲ್ಲಿ ಮೋಸವಾಯಿತು ಎಂದು ಕೇಳಿ ಅದೇ ಪುಸ್ತಕದಲ್ಲಿ ಬರೆಯಲಿ. ಸರ್ಕಾರದ ಅನುದಾನ ಬೇಕಿಲ್ಲ, ಒಂದು ಪೆನ್ನು ಸಾಕು. ಮುಂದಿನ ವರ್ಷ ಹೊರಡುವವರಿಗೆ ಯಾವ ವಿಡಿಯೊಗಿಂತಲೂ ಆ ಪುಸ್ತಕ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೋಗಿಬನ್ನಿ. ನೆಲದ ಮೇಲೆ ಮಲಗಬೇಕಾದರೂ ಹೋಗಿಬನ್ನಿ. ಯಾವ ನೆಲ ಎಂಬುದನ್ನು ಮಾತ್ರ ಮನೆ ಬಿಡುವ ಮೊದಲೇ ತಿಳಿದುಕೊಳ್ಳಿ.